ಸೊನ್ನೆ ಪಾಯಿಂಟಿನ ಚೀಟಿ

ಆ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ‘ಆದರೆ ಅಕ್ಕ’ ಎಂದೇ ಕರೆಯುತ್ತಿದ್ದರು. ಬಿರುದು ಬಿಟ್ಟಿ ಬಂದದ್ದಲ್ಲ, ಇಪ್ಪತ್ತಾರು ವರ್ಷ ದುಡಿದು ಗಳಿಸಿದ್ದು. ಪ್ರೋಗ್ರಾಮರನೊಬ್ಬ ವಾರವೆಲ್ಲ ಹೆಣಗಿ ಏನನ್ನೋ ಕಟ್ಟಿ, ಎದೆ ಸೆಟೆಸಿಕೊಂಡು ಬಂದು, “ಅಕ್ಕಾ, ಮುಗೀತು ನೋಡಿ” ಅನ್ನುತ್ತಿದ್ದ. ಆಕೆ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಐದು ನಿಮಿಷ ನೋಡುತ್ತಿದ್ದಳು. “ಚೆನ್ನಾಗಿದೆ ಕಣಪ್ಪಾ, ಆದರೆ...” ಅನ್ನುತ್ತಿದ್ದಳು. ಆ ಮೂರಕ್ಷರಕ್ಕೆ ಉರುಳಿದ ಕೋಟೆಗಳೆಷ್ಟು, ಕ್ಯಾಂಟೀನಿಗೆ ಓಡಿ ಕಾಫಿಯಲ್ಲಿ ಮುಖ ಮುಚ್ಚಿಕೊಂಡ ಶೂರರೆಷ್ಟು! ಆಕೆ ಯಾರ ಮೇಜಿನ ಕಡೆ ಹೆಜ್ಜೆ ಹಾಕಿದರೂ ಅವನ ಪಕ್ಕದವನು ಕೈಮುಗಿದು ಮೇಲೆ ನೋಡುತ್ತಿದ್ದ, ಸದ್ಯ ತನ್ನ ಸರದಿಯಲ್ಲವಲ್ಲ ಎಂದು.

ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಆಕೆಯ ಕೆಲಸ. ಈ ವಿದ್ಯೆಯನ್ನು ಕಾಲೇಜು ಕಲಿಸಲಿಲ್ಲ, ಅಣ್ಣ ಕಲಿಸಿದ.

ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹದಿನೇಳು, ಆಕೆಗೆ ಒಂಬತ್ತು. ಅಣ್ಣ ಓದು ಬಿಟ್ಟು ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದ. ತಂಗಿಯನ್ನು ಓದಿಸಿದ. ಶಾಲೆ ಬಿಟ್ಟ ಮೇಲೆ ಆಕೆ ಅದೇ ಕೋಣೆಯ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಒಂದು ದಿನ ಅಣ್ಣ ಆಗತಾನೆ ಉಜ್ಜಿದ ಗಾಜೊಂದನ್ನು ಕೈಗಿಟ್ಟು, “ಇದ್ರಲ್ಲಿ ಏನ್ ತಪ್ಪಿದೆ ಹೇಳು” ಅಂದ. ಆಕೆ ತಿರುಗಿಸಿ ಮುರುಗಿಸಿ ನೋಡಿದಳು. ಏನೂ ಕಾಣಲಿಲ್ಲ.

“ಪೆದ್ದೀ, ಗಾಜನ್ನ ನೋಡಿದ್ರೆ ಏನ್ ಕಾಣತ್ತೆ? ಗಾಜಿನ ಮೂಲಕ ಆ ಕಿಟಕಿ ಚೌಕಟ್ಟು ನೋಡು. ಮೆಲ್ಲಗೆ ಆಚೀಚೆ ಆಡಿಸು. ಗೆರೆ ಎಲ್ಲಾದ್ರೂ ಮುರಿದ ಹಾಗೆ ಕಾಣ್ತಾ?”

ಕಂಡಿತು. ಕೂದಲೆಳೆಯಷ್ಟು.

“ಅಲ್ಲಿದೆ ನೋಡು ಕಳ್ಳ” ಅಂದ ಅಣ್ಣ.

ಆಕೆಯ ಬದುಕಿನ ಉಳಿದ ಪಾಠವೆಲ್ಲ ಇದೇ. ಬೇರೆ ಪರೀಕ್ಷಕರು ಸಾಫ್ಟ್‌ವೇರನ್ನು ನೋಡುತ್ತಿದ್ದರು. ಆಕೆ ಅದರ ಮೂಲಕ ಆಚೆ ಬದಿಯಲ್ಲಿ ಕೂತ ಮನುಷ್ಯನನ್ನು ನೋಡುತ್ತಿದ್ದಳು. ಅವನು ಎಲ್ಲಾದರೂ ಮುರಿದ ಹಾಗೆ ಕಂಡರೆ, “ಆದರೆ...”

ಆಕೆ ಮದುವೆಯಾಗಲಿಲ್ಲ. ಅಣ್ಣನಿಗೆ ಮದುವೆಯಾಗಿ, ಅತ್ತಿಗೆ ಬೇಗ ತೀರಿಕೊಂಡರು. ಐವತ್ತು ದಾಟಿದ ಅಣ್ಣ ಕನ್ನಡಕದಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ, ತಂಗಿ ಎರಡು ಬಸ್ ನಿಲ್ದಾಣ ಆಚೆಯ ಮನೆಯಲ್ಲಿ. ಭಾನುವಾರ ಊಟ ಒಟ್ಟಿಗೆ, ಜಗಳವೂ ಒಟ್ಟಿಗೆ. ಹೀಗಿರುವಾಗ ಅಣ್ಣನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ, ಸೋಮವಾರ ಬುಧವಾರ ಶುಕ್ರವಾರ, ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕುರ್ಚಿಯಲ್ಲಿ ಒರಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಕುರ್ಚಿ ಒಂಬತ್ತು, ಕಾಯುವವರು ಐವತ್ತು ಚಿಲ್ಲರೆ. ಯಾರಿಗೆ ಯಾವ ದಿನ ಯಾವ ಕುರ್ಚಿ ಎಂಬುದು ದೊಡ್ಡ ಸಿಸ್ಟರ್ ಎಂಬ ಮುಖ್ಯ ದಾದಿಯ ಉದ್ದನೆಯ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆದಿರುತ್ತಿತ್ತು. ಆ ಪುಸ್ತಕಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ ಬಂದದ್ದು ಆದರೆ ಅಕ್ಕನ ಕಚೇರಿಗೇ.

ಆಗ ಕಚೇರಿಯನ್ನು ಆಳುತ್ತಿದ್ದವರು ಸಂಪುಟ ಸಾರ್. ಅವರು ಮಾಡಿದ ಯಾವ ಕೆಲಸವೂ ಮೂರು ಸಂಪುಟಕ್ಕೆ ಕಡಿಮೆ ಇರುತ್ತಿರಲಿಲ್ಲವಾದ್ದರಿಂದ ಆ ಹೆಸರು. ಅವರ ಧರ್ಮ ಸರಳ. ಮೊದಲು ಬೇಕಾದದ್ದನ್ನೆಲ್ಲ ಬರೆಯಬೇಕು, ಬರೆದದ್ದಕ್ಕೆ ಎಲ್ಲರೂ ಸಹಿ ಹಾಕಬೇಕು. ಆಮೇಲೆ ನಕ್ಷೆ, ನಕ್ಷೆಗೂ ಸಹಿ. ಆಮೇಲೆ ಕಟ್ಟುವುದು. ಎಲ್ಲ ಮುಗಿದ ಮೇಲೆ ಪರೀಕ್ಷೆ. ನೀರು ಮೇಲಿನ ಬಂಡೆಯಿಂದ ಕೆಳಗಿನ ಬಂಡೆಗೆ ಬೀಳುವ ಹಾಗೆ. ಬಿದ್ದ ನೀರು ಮತ್ತೆ ಮೇಲೆ ಹತ್ತುವುದಿಲ್ಲ. ಇದಕ್ಕೆ ಜಲಪಾತ ಪದ್ಧತಿ ಎಂದು ಹೆಸರು. ಜಲಪಾತದ ಬುಡದಲ್ಲಿ ನಿಂತವರ ಗತಿ ಏನೆಂದು ಮಾತ್ರ ಪುಸ್ತಕಗಳು ಹೇಳುವುದಿಲ್ಲ. ಬುಡದಲ್ಲಿ ನಿಂತಿದ್ದವಳು ಆದರೆ ಅಕ್ಕ.

ಸಂಪುಟ ಸಾರ್ ದಂಡಯಾತ್ರೆ ಹೊರಟರು. ಒಂದೂವರೆ ವರ್ಷ ಬರೆದರು. ದೊಡ್ಡ ಸಿಸ್ಟರನ್ನು ಕೂರಿಸಿಕೊಂಡು ನೂರಾ ಹದಿನಾಲ್ಕು ಪ್ರಶ್ನೆ ಕೇಳಿದರು. ಸಿಸ್ಟರ್ ನೂರಾ ಹದಿನೈದನೆಯದಾಗಿ, “ಸಾರ್, ನಾನಿನ್ನು ರೋಗಿಗಳನ್ನ ನೋಡ್ಬಹುದಾ?” ಎಂದು ಕೇಳಿದ್ದೂ ಸಂಪುಟದಲ್ಲಿ ದಾಖಲಾಯಿತು. ರೋಗಿಗೆ ಹಿಂದಿನ ದಿನ ಫೋನಿಗೆ ಸಂದೇಶ ಹೋಗಬೇಕು, ಬರುತ್ತೇನೆಂದು ಅವನು ತಿಳಿಸಬೇಕು ಎಂದು ಬರೆದರು. ಆಗ ಆದರೆ ಅಕ್ಕ ಅವರ ಬಾಗಿಲಲ್ಲಿ ನಿಂತಳು.

“ಸಾರ್, ಚೆನ್ನಾಗಿದೆ. ಆದರೆ ಉತ್ತರ ಬರದೇ ಇದ್ರೆ? ನಮ್ಮಣ್ಣ ಇದಾನೆ ನೋಡಿ, ಫೋನ್ ಬಂದ್ರೆ ಹಾವು ಬಂದ ಹಾಗೆ ದೂರ ನಿಂತ್ಕೋತಾನೆ. ಡಯಾಲಿಸಿಸ್ ಆದ ಮರುದಿನ ಮಲಗಿದ್ರೆ ಏಳೋದೇ ಇಲ್ಲ.”

ಸಂಪುಟ ಸಾರ್ ಪೆನ್ನಿನ ಮುಚ್ಚಳ ಹಾಕಿದರು. “ಒಳ್ಳೇ ಮಾತಮ್ಮ. ಬದಲಾವಣೆ ಅರ್ಜಿ ಬರೆದು ಕೊಡು.”

ಅರ್ಜಿ ಏಳು ಮೇಜು ದಾಟಿ ಏಳು ಸಹಿ ಹೊತ್ತು ಐದು ತಿಂಗಳ ಮೇಲೆ ಮರಳಿ ಬಂತು. ಎರಡನೇ ಸಂಪುಟದ ಇನ್ನೂರ ಹನ್ನೆರಡನೇ ಪುಟದಲ್ಲಿ ಒಂದು ಸಾಲು ಸೇರಿತು: “ರೋಗಿಯಿಂದ ಉತ್ತರ ಬಾರದಿದ್ದಲ್ಲಿ ಕುರ್ಚಿಯನ್ನು ತೆರವುಗೊಳಿಸತಕ್ಕದ್ದಲ್ಲ, ದಾದಿಯು ಖುದ್ದಾಗಿ ವಿಚಾರಿಸತಕ್ಕದ್ದು.” ಆ ಭಾನುವಾರ ಆಕೆ ಅಣ್ಣನಿಗೆ ಅದನ್ನು ಬಾಯಿಪಾಠ ಒಪ್ಪಿಸಿದಳು.

“ತೆರವುಗೊಳಿಸತಕ್ಕದ್ದಲ್ಲ!” ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಮೇಲೆ ಶಾಸನ ಬರೆಸಿಬಿಟ್ಟೆಯಲ್ಲೇ. ಕಲ್ಲಲ್ಲಿ ಕೆತ್ತಿಸಿ ಆಸ್ಪತ್ರೆ ಬಾಗಿಲಿಗೆ ನಿಲ್ಲಿಸ್ತಾರಾ?”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬರೆದದ್ದೂ ಸೇರಿ ಒಟ್ಟು ನಾಲ್ಕು ವರ್ಷ ಕಟ್ಟಿದರು. ಬರೆಯುವವರು ತಡ ಮಾಡಿದರು, ನಕ್ಷೆಯವರು ತಡ ಮಾಡಿದರು, ಕಟ್ಟುವವರು ತಡ ಮಾಡಿದರು. ಕೊನೆಯ ತಾರೀಕು ಮಾತ್ರ ಕದಲಲಿಲ್ಲ. ಹಾಗಾಗಿ ಪರೀಕ್ಷೆಗೆಂದು ಇಟ್ಟಿದ್ದ ನಾಲ್ಕು ತಿಂಗಳು ಒಣಗಿ ಒಣಗಿ ಒಂಬತ್ತು ದಿನವಾಯಿತು. ಒಂಬತ್ತು ದಿನದಲ್ಲಿ ಆದರೆ ಅಕ್ಕ ಮುನ್ನೂರ ಎಂಟು ತಪ್ಪು ಹಿಡಿದಳು. ಅಷ್ಟರಲ್ಲಿ ಆಸ್ಪತ್ರೆಯವರು ಹಳೆಯ ಕಟ್ಟಡ ಬಿಟ್ಟು, ಹಳೆಯ ಯಂತ್ರ ಬಿಟ್ಟು, ಪಾಳಿಗಳನ್ನೇ ಬದಲಿಸಿಕೊಂಡಿದ್ದರು. ಸಂಪುಟದಲ್ಲಿ ಬರೆದ ಆಸ್ಪತ್ರೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಇನ್ನೂರ ಹನ್ನೆರಡನೇ ಪುಟದ ಸಾಲು ಅಕ್ಷರಶಃ ಸರಿಯಾಗಿತ್ತು, ಅದನ್ನು ಪಾಲಿಸಬೇಕಾದ ಸಾಫ್ಟ್‌ವೇರ್ ಒಂದು ದಿನವೂ ಓಡಲಿಲ್ಲ. ಸಂಪುಟ ಸಾರ್ ಅವರಿಗೆ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಬೀಳ್ಕೊಡುಗೆಯ ಭಾಷಣವನ್ನು ಅವರು ನಲವತ್ತು ಪುಟ ಬರೆದು ತಂದಿದ್ದರು. ಮೂರನೇ ಪುಟಕ್ಕೆ ಚಪ್ಪಾಳೆ ತಟ್ಟಿ ಮುಗಿಸಿಬಿಟ್ಟರು.

ಆಮೇಲೆ ಬಂದವರು ಸೀಟಿ ಸಾರ್.

ವಯಸ್ಸು ಮೂವತ್ತನಾಲ್ಕು, ಕೊರಳಲ್ಲಿ ನಿಜವಾದ ಸೀಟಿ. ಬೆಳಿಗ್ಗೆ ಒಂಬತ್ತೂವರೆಗೆ ಊದಿದರೆ ಎಲ್ಲರೂ ಎದ್ದು ಬೋರ್ಡಿನ ಮುಂದೆ ನಿಲ್ಲಬೇಕು. ಕೂತರೆ ಮಾತು ಬೆಳೆಯುತ್ತದೆ, ನಿಂತರೆ ಕಾಲು ನೋಯುತ್ತದೆ, ಕಾಲು ನೋಯುವವನು ಸತ್ಯವನ್ನು ಬೇಗ ಹೇಳುತ್ತಾನೆ ಎಂಬುದು ಅವರ ನಂಬಿಕೆ. ಇದು ಅಜೈಲ್ ಪದ್ಧತಿ, ಅಂದರೆ ಚುರುಕಿನ ಪದ್ಧತಿ. ಸಂಪುಟಗಳಿಲ್ಲ, ಅಂಗೈಯಗಲದ ಹಳದಿ ಚೀಟಿಗಳು ಮಾತ್ರ. ಒಂದು ಚೀಟಿಗೆ ಒಂದು ಕೆಲಸ. ಎರಡೆರಡು ವಾರಕ್ಕೆ ಒಂದು ಓಟ. ಓಟದ ಕೊನೆಗೆ ಏನಾದರೂ ಓಡುವಂಥದ್ದನ್ನು ತೋರಿಸಲೇಬೇಕು. ಚೀಟಿ ಬೋರ್ಡಿನ ಎಡದಿಂದ ಹೊರಟು ಬಲಕ್ಕೆ ಸೇರಿದರೆ ‘ಮುಗಿಯಿತು’, ಆಗ ಒಂದು ಹಿತ್ತಾಳೆ ಗಂಟೆ ಬಾರಿಸುವುದು. ಬೋರ್ಡಿನ ಒಂದು ಕಾಲು ಗಿಡ್ಡವಿತ್ತು. ಅದಕ್ಕೆ ಸಂಪುಟ ಸಾರ್ ಅವರ ಎರಡನೇ ಸಂಪುಟ ಸರಿಯಾಗಿ ಹೊಂದಿತು. ನಾಲ್ಕು ವರ್ಷದ ತಪಸ್ಸಿಗೆ ಕೊನೆಗೂ ಒಂದು ಉಪಯೋಗ.

ಸುಳ್ಳು ಹೇಳಬಾರದು, ಕೆಲಸ ನಡೆಯಿತು. ಆರನೇ ವಾರಕ್ಕೆ ದೊಡ್ಡ ಸಿಸ್ಟರ್ ಮುಂದೆ ಓಡುವ ಪರದೆ ಇತ್ತು. “ಅಕ್ಷರ ಸಣ್ಣ, ನನಗೆ ಕಾಣಲ್ಲ” ಅಂದರು. ಮುಂದಿನ ಓಟಕ್ಕೆ ಅಕ್ಷರ ದೊಡ್ಡದಾಯಿತು. “ಬೆಳಿಗ್ಗೆ ಪಾಳಿ ಮೇಲೆ ಬರ್ಲಿ” ಅಂದರು. ಬಂತು. ಸಂಪುಟ ಸಾರ್ ಕಾಲದಲ್ಲಿ ಅದಕ್ಕೆ ಒಂದು ಮದುವೆಯಾಗಿ ಒಂದು ಮಗುವಾಗುವಷ್ಟು ಕಾಲ ಬೇಕಿತ್ತು. ಜಲಪಾತದ ಬುಡದಲ್ಲಿ ತೊಯ್ದು ತೊಪ್ಪೆಯಾಗಿದ್ದ ಆದರೆ ಅಕ್ಕ ಈಗ ಪ್ರತಿದಿನ ಪ್ರೋಗ್ರಾಮರನ ಪಕ್ಕದಲ್ಲೇ ಕೂತು, ತಪ್ಪನ್ನು ಹಸಿಯಿರುವಾಗಲೇ ಕಿತ್ತುಹಾಕುತ್ತಿದ್ದಳು.

“ಈ ಸೀಟಿಯವನು ಪರವಾಗಿಲ್ಲ ಕಣೋ ಅಣ್ಣಾ” ಅಂದಳು ಒಂದು ಭಾನುವಾರ.

“ಊದಿದ ಕೂಡ್ಲೇ ನಿಂತ್ಕೋತೀಯಂತೆ? ಐವತ್ತು ವರ್ಷ ನಾನು ಕೂಗಿದ್ರೂ ಒಂದಿನ ನಿಂತೋಳಲ್ಲ ನೀನು.”

ಆಗ ಆಸ್ಪತ್ರೆಯಿಂದ ಹೊಸದೊಂದು ಬೇಡಿಕೆ ಬಂತು. ಕೆಲವರು ತಿಳಿಸದೆ ತಪ್ಪಿಸಿಕೊಳ್ಳುತ್ತಾರೆ, ಕುರ್ಚಿ ಖಾಲಿ ಹೋಗುತ್ತದೆ, ಹೊರಗೆ ಕಾಯುವವರು ಕಾಯುತ್ತಲೇ ಇರುತ್ತಾರೆ. ನ್ಯಾಯವಾದ ಬೇಡಿಕೆ. ಹೆಡ್‌ಫೋನ್ ಎಂದೇ ಎಲ್ಲರೂ ಕರೆಯುವ ಪ್ರೋಗ್ರಾಮರ್, ಸದಾ ಕಿವಿ ಮುಚ್ಚಿಕೊಂಡೇ ಇರುವವನು, ಮೂರೇ ದಿನದಲ್ಲಿ ಕಟ್ಟಿಬಿಟ್ಟ. ಹಿಂದಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ರೋಗಿಗೆ ಸಂದೇಶ: ನಾಳೆ ಬರುವಿರಾ, ಬರುವಿರಾದರೆ ಒಂದು ಒತ್ತಿ. ಸಂಜೆ ಐದರೊಳಗೆ ಒತ್ತದಿದ್ದರೆ ಕುರ್ಚಿ ತಾನಾಗಿ ತೆರವು, ಕಣ್ಣು ಮಿಟುಕಿಸುವುದರೊಳಗೆ ಕಾಯುವವರಲ್ಲಿ ಮೊದಲನೆಯವರಿಗೆ. ಗಂಟೆ ಬಾರಿಸಿದರು.

“ಚೆನ್ನಾಗಿದೆ ಕಣಪ್ಪಾ” ಅಂದಳು ಆಕೆ. ಹೆಡ್‌ಫೋನ್ ಕಣ್ಣು ಮುಚ್ಚಿಕೊಂಡ. “ಆದರೆ ನಿದ್ದೆ ಹೋಗಿರೋರು? ಫೋನ್ ಮಗನ ಹತ್ರ ಇರೋರು? ಓದಕ್ಕೆ ಬರದೇ ಇರೋರು? ಉತ್ತರ ಬರ್ಲಿಲ್ಲ ಅಂದ್ರೆ ಬರಲ್ಲ ಅಂತ ಅರ್ಥನಾ? ಸಿಸ್ಟರಿಗೆ ಒಂದು ಪಟ್ಟಿ ಹೋಗ್ಲಿ. ಅವರು ಕೇಳಿ ಆಮೇಲೆ ಬಿಡಿಸ್ಲಿ.”

“ಚೀಟಿ ಬರೀರಿ ಅಕ್ಕ” ಅಂದರು ಸೀಟಿ ಸಾರ್. ಏಳು ಸಹಿ ಬೇಡ, ಐದು ತಿಂಗಳು ಬೇಡ. ಆಕೆಗೆ ಕುಣಿಯುವಷ್ಟು ಸಂತೋಷ. ಅಲ್ಲೇ ನಿಂತು ಬರೆದಳು: ‘ಉತ್ತರ ಬಾರದಿದ್ದರೆ ಕುರ್ಚಿ ಬಿಡಿಸಬೇಡಿ, ಸಿಸ್ಟರಿಗೆ ತಿಳಿಸಿ.’

ಇಲ್ಲಿ ಆ ದಂಡಿನ ಒಂದು ಆಟವನ್ನು ಹೇಳಬೇಕು. ಯಾವ ಚೀಟಿ ಎಷ್ಟು ಭಾರದ್ದೆಂದು ಅವರು ಇಸ್ಪೀಟಿನ ಹಾಗೆ ಎಲೆ ಆಡಿ ತೀರ್ಮಾನಿಸುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಟ್ಟು: ಸೊನ್ನೆ, ಒಂದು, ಎರಡು, ಮೂರು, ಐದು, ಎಂಟು, ಹೀಗೆ ನೂರರವರೆಗೆ. ಸೀಟಿ ಊದಿದಾಗ ಎಲ್ಲರೂ ಒಮ್ಮೆಗೇ ಒಂದೊಂದು ಎಲೆ ಎಸೆಯಬೇಕು. ಅದು ಆ ಚೀಟಿಯ ಪಾಯಿಂಟು. ಎಲೆಗಳು ಬೇರೆಬೇರೆ ಬಿದ್ದರೆ, ಎಲ್ಲರಿಗಿಂತ ದೊಡ್ಡ ಎಲೆ ಎಸೆದವರು ಎದ್ದು ಯಾಕೆಂದು ಹೇಳಬೇಕು, ಮಿಕ್ಕವರು ಕೇಳಲೇಬೇಕು. ಎಲ್ಲರ ಎಲೆಯೂ ಒಂದೇ ಆದರೆ ಮಾತಿಲ್ಲ, ಕತೆಯಿಲ್ಲ, ಮುಂದಿನ ಚೀಟಿ.

ಆದರೆ ಅಕ್ಕನಿಗೆ ಬೇಗ ಆಗಬೇಕಿತ್ತು. ದೊಡ್ಡ ಕೆಲಸವೆಂದರೆ ಹೆದರಿ ಮುಂದೂಡುತ್ತಾರೆ ಎಂದು ಸಂಪುಟ ಸಾರ್ ಕಾಲದಲ್ಲಿ ಕಲಿತಿದ್ದಳಲ್ಲ. ಆದ್ದರಿಂದ ಸೀಟಿಗೆ ಮೊದಲೇ, “ಇದೇನು ದೊಡ್ಡದಲ್ಲಪ್ಪ, ಅರ್ಧ ದಿನದ್ದು, ಏನೂ ಇಲ್ಲ” ಅಂದಳು. ಸೊನ್ನೆ ಎಸೆದಳು. ಹೆಡ್‌ಫೋನ್ ಸೊನ್ನೆ. ಉಳಿದ ಆರು ಜನವೂ ಸೊನ್ನೆ. ಆ ಪಡೆಯ ಇತಿಹಾಸದಲ್ಲಿ ಎಂಟೂ ಎಲೆ ಒಂದೇ ಬಿದ್ದದ್ದು ಅದೇ ಮೊದಲು. ಚಪ್ಪಾಳೆ ತಟ್ಟಿದರು. ಮಾತಿಲ್ಲ, ಕತೆಯಿಲ್ಲ.

ಒಂದು ಓಟದಲ್ಲಿ ಮೂವತ್ತು ಪಾಯಿಂಟು ಮುಗಿಸಬೇಕು ಎಂಬುದು ಅಲ್ಲಿಯ ಗುರಿ. ಗೋಡೆಯ ಮೇಲೆ ಅದರದ್ದೊಂದು ಗೆರೆ, ಮೇಲಿನವರು ಬಂದು ನೋಡುವುದು ಅದನ್ನೇ. ಐದರ ಚೀಟಿ ಎತ್ತಿಕೊಂಡವನು ಗೆರೆಯನ್ನು ಐದು ಮೆಟ್ಟಿಲು ಏರಿಸುತ್ತಾನೆ. ಸೊನ್ನೆಯ ಚೀಟಿ ಎತ್ತಿಕೊಂಡವನು ಅರ್ಧ ದಿನ ಕಳೆದು ಗೆರೆಯನ್ನು ಇದ್ದಲ್ಲೇ ಬಿಡುತ್ತಾನೆ. ಅಂಥ ಪುಣ್ಯಾತ್ಮ ಯಾರಿದ್ದಾನೆ?

“ಮುಂದಿನ ಓಟ ಅಕ್ಕ. ಸೊನ್ನೆ ಅಲ್ವಾ, ಯಾವಾಗ ಬೇಕಾದ್ರೂ ಮಾಡ್ಬಹುದು” ಅಂದ ಹೆಡ್‌ಫೋನ್.

ಯಾವಾಗ ಬೇಕಾದರೂ ಮಾಡಬಹುದಾದ ಕೆಲಸಕ್ಕೆ ‘ಯಾವಾಗ’ ಎಂಬುದೇ ಬರುವುದಿಲ್ಲ. ಮುಂದಿನ ಓಟದಲ್ಲಿ ಆಕೆ, “ಅದನ್ನ ಐದು ಅಂತ ಮಾಡಿ ಸಾರ್” ಎಂದು ಕೇಳಿದಳು. ಸೀಟಿ ಸಾರ್ ನಗುತ್ತಲೇ ಅಡ್ಡಡ್ಡ ತಲೆಯಾಡಿಸಿದರು. “ಎಲ್ಲಾ ಸೇರಿ ಒಪ್ಪಿದ್ದು ಅಕ್ಕ. ನೀವೇ ಏನೂ ಇಲ್ಲ ಅಂದ್ರಿ. ಈಗ ಏರಿಸಿದ್ರೆ ಆಟಕ್ಕೆ ಮೋಸ ಮಾಡಿದ ಹಾಗಾಗತ್ತೆ.” ಸ್ವತಃ ಸರಿಪಡಿಸೋಣವೆಂದರೆ ಪರೀಕ್ಷಕಿ ಪ್ರೋಗ್ರಾಮನ್ನು ಮುಟ್ಟುವಂತಿಲ್ಲ. ಚೀಟಿ ಬೋರ್ಡಿನ ಎಡತುದಿಯಲ್ಲಿ, ಗಿಡ್ಡಗಾಲಿನ ಕಡೆಗೇ ಅಂಟಿಕೊಂಡು ಉಳಿಯಿತು. ಅದರ ನೇರ ಕೆಳಗೆ ಎರಡನೇ ಸಂಪುಟ, ಅದರೊಳಗೆ ಇನ್ನೂರ ಹನ್ನೆರಡನೇ ಪುಟ. ಒಂದೇ ಮಾತು, ಮೇಲೊಮ್ಮೆ ಕೆಳಗೊಮ್ಮೆ.

ಆಕೆ ತನ್ನ ಅಣ್ಣನಿಗೆ ಬೇರೆ ದಾರಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಅಣ್ಣನ ಹೆಸರಿನ ಮುಂದೆ ತನ್ನ ಫೋನ್ ನಂಬರ್ ಬರೆಸಿದಳು. ಮಧ್ಯಾಹ್ನ ಹನ್ನೆರಡಕ್ಕೆ ಸಂದೇಶ, ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಆಕೆಯ ಹೆಬ್ಬೆರಳು. ಅಣ್ಣನ ಕುರ್ಚಿ ಗಟ್ಟಿ.

ಎಲ್ಲ ಸರಿ, ಒಂದು ಮಾತು ಮಾತ್ರ ಮುಚ್ಚಿಡುವಂತಿಲ್ಲ. ಅಣ್ಣನ ಕುರ್ಚಿ ಗಟ್ಟಿಯಾದ ಮೇಲೆ ಆಕೆಯ ‘ಆದರೆ’ ಸ್ವಲ್ಪ ಮೆತ್ತಗಾಯಿತು. ಚೀಟಿ ಅಂಟಿಸಿದ ಮೇಲಿನ ಮೊದಲ ನಾಲ್ಕು ಓಟದಲ್ಲಿ ಎದ್ದು ನಿಂತು ಜಗಳವಾಡಿದಳು. ಐದನೆಯದರಿಂದ ಕೈ ಎತ್ತಿ ಕೇಳಿದಳು. ಹತ್ತನೆಯದರಲ್ಲಿ ಬೋರ್ಡಿನ ಕಡೆ ನೋಡಿ ಸುಮ್ಮನಾದಳು. ತನ್ನ ಅಣ್ಣನಿಗೆ ಹೆಬ್ಬೆರಳಿತ್ತು. ಊರವರ ಅಣ್ಣಂದಿರು ಚೀಟಿಯಲ್ಲಿ ನೇತಾಡುತ್ತಿದ್ದರು. ಅದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ.

ಹದಿನಾರನೇ ಓಟ ಮುಗಿದ ಗುರುವಾರ ಮಹಾಪ್ರದರ್ಶನವಿತ್ತು. ಬೇರೆ ಹತ್ತು ಆಸ್ಪತ್ರೆಗಳ ದೊಡ್ಡವರು ಬಂದಿದ್ದರು. ಪ್ರದರ್ಶನದ ದಿನ ಸೀಟಿ ಸಾರ್ ಅವರದ್ದೊಂದು ಕಟ್ಟಳೆ: ಒಳಗೆ ಬರುವ ಮುನ್ನ ಎಲ್ಲರೂ ಫೋನನ್ನು ಬಾಗಿಲ ಬಳಿಯ ಬೆತ್ತದ ಬುಟ್ಟಿಗೆ ಹಾಕಬೇಕು. ಮನಸ್ಸು ಅಲ್ಲಿಲ್ಲಿ ಹರಿಯಬಾರದು. ಆದರೆ ಅಕ್ಕ ಹನ್ನೊಂದಕ್ಕೆ ಫೋನ್ ಹಾಕಿದಳು. ಯಾವಾಗಲೂ ಪ್ರದರ್ಶನ ಒಂದಕ್ಕೆ ಮುಗಿಯುತ್ತಿತ್ತು, ಐದಕ್ಕೆ ಇನ್ನೂ ನಾಲ್ಕು ಗಂಟೆ ಉಳಿಯುತ್ತಿತ್ತು. ಈ ಸಲ ಅತಿಥಿಗಳು ಪ್ರಶ್ನೆ ಕೇಳಿದರು, ಪ್ರಶ್ನೆಯ ಮರಿಯನ್ನು ಕೇಳಿದರು. ಊಟ ಒಳಗೇ ಬಂತು. ಎರಡಾಯಿತು, ಮೂರಾಯಿತು.

ನಾಲ್ಕಕ್ಕೆ ಆಕೆ ಸೀಟಿ ಸಾರ್ ಪಕ್ಕಕ್ಕೆ ಸರಿದಳು. “ಸಾರ್, ಫೋನ್ ಒಂದ್ಸಲ ತಗೋಬೇಕಿತ್ತು...”

“ಐದೇ ನಿಮಿಷ ಅಕ್ಕ, ಮುಗಿದೇಹೋಯ್ತು. ಈಗ ನೀವು ಎದ್ದು ಹೋದ್ರೆ ಇವರೆಲ್ಲ ಏಳ್ತಾರೆ.”

“ಆದ...” ಅಂದಳು ಆಕೆ. ಅತಿಥಿಯೊಬ್ಬರು ತಿರುಗಿ ನೋಡಿದರು. ಬದುಕಿನಲ್ಲಿ ಮೊದಲ ಸಲ ಆ ಶಬ್ದವನ್ನು ಅರ್ಧಕ್ಕೆ ನುಂಗಿ ಕೂತಳು.

ಸೀಟಿ ಸಾರ್ ಬೇಕೆಂದೇ ಐದರವರೆಗೆ ಎಳೆದಿದ್ದರು. ಐದಕ್ಕೆ ಕುರ್ಚಿ ತಾನಾಗಿ ಕೈ ಬದಲಿಸುವುದನ್ನು ಅತಿಥಿಗಳು ಕಣ್ಣಾರೆ ನೋಡಬೇಕಲ್ಲ! ಗೋಡೆಯಗಲದ ಪರದೆಯ ಮೇಲೆ ಮರುದಿನದ ಕುರ್ಚಿಗಳು ಚೌಕಗಳಾಗಿ ಮೂಡಿದವು. ಚೌಕದಲ್ಲಿ ರೋಗಿಯ ಹೆಸರಿರಲಿಲ್ಲ. ‘ಹೆಸರು ಗೋಡೆಯ ಮೇಲೆ ಕಾಣಬಾರದು’ ಎಂದು ಚೀಟಿ ಬರೆದವಳೂ ಆದರೆ ಅಕ್ಕನೇ. ಅದಕ್ಕೆ ಮೂರು ಪಾಯಿಂಟು ಬಿದ್ದಿತ್ತು, ಒಂದೇ ಓಟದಲ್ಲಿ ಮುಗಿದಿತ್ತು.

“ಮೂರು, ಎರಡು, ಒಂದು...” ಸೀಟಿ ಕೂಗಿತು. ನಾಲ್ಕು ಚೌಕ ಬೆಳ್ಳಗಾದವು. ರೆಪ್ಪೆ ಬಡಿಯುವುದರೊಳಗೆ ನಾಲ್ಕೂ ಮತ್ತೆ ಹಸಿರಾದವು. ಒಂದೂ ತಡವರಿಸಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಕೆಯೂ ತಟ್ಟಿದಳು. ಕೆಲಸ ಅಷ್ಟು ಚೊಕ್ಕವಾಗಿತ್ತು, ತಪ್ಪು ಹುಡುಕುವ ಕಣ್ಣಿಗೂ ಮರುಳು ಹಿಡಿಸುವ ಹಾಗೆ. ಆ ನಾಲ್ಕರಲ್ಲಿ ಒಂದು ಅಣ್ಣನದು.

ಬುಟ್ಟಿಯಿಂದ ಫೋನ್ ತೆಗೆದಾಗ ಐದು ಇಪ್ಪತ್ತು. ಆಕೆ ಹೆಡ್‌ಫೋನ್‌ನ ತೋಳು ಹಿಡಿದೆಳೆದಳು. “ವಾಪಸ್ ಮಾಡು. ಮಾಡೋ! ಇದು ನಮ್ಮಣ್ಣಂದು.”

ಅವನು ಕಿವಿಯ ಮುಚ್ಚಳ ಕೆಳಗಿಳಿಸಿದ. “ಅಕ್ಕ, ಅಲ್ಲಿ ಇನ್ನೊಬ್ರು ಒಪ್ಕೊಂಡಾಗಿದೆ. ಅವರ ಹೆಸರು ಕಿತ್ತರೆ... ಅವರೂ ಕಾಯ್ತಿರೋರೇ ಅಲ್ವಾ.”

ಆಸ್ಪತ್ರೆಗೆ ಫೋನ್ ಮಾಡಿದಳು. ದೊಡ್ಡ ಸಿಸ್ಟರ್, “ನನ್ನ ಪುಸ್ತಕ ಇದ್ದಿದ್ರೆ ಪೆನ್ಸಿಲಲ್ಲಿ ಒಂದು ಗೀಟು ಎಳೀತಿದ್ದೆ ಕಣಮ್ಮ. ಈಗ ಪುಸ್ತಕ ಕಿತ್ಕೊಂಡಿದೀರಲ್ಲ. ಬೆಳಿಗ್ಗೆ ಬನ್ನಿ, ಯಾರಾದ್ರೂ ತಪ್ಪಿಸ್ಕೊಂಡ್ರೆ ಕೂರಿಸ್ತೀನಿ” ಅಂದರು.

ಶುಕ್ರವಾರ ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ಅಣ್ಣ ತಂಗಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತರು. ಯಾರೂ ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಳ್ಳುವವರು ಇರಬಾರದೆಂದೇ ಮಾಡಿದ ಯಂತ್ರವಲ್ಲವೇ ಅದು. ಬೇರೆ ಎರಡು ಆಸ್ಪತ್ರೆಯವರು, ಪಟ್ಟಿಯಲ್ಲಿಲ್ಲದವರಿಗೆ ಕುರ್ಚಿಯಿಲ್ಲ ಅಂದರು. ತುರ್ತು ವಿಭಾಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇವತ್ತಿಗೆ ಪರವಾಗಿಲ್ಲ, ಉಸಿರು ಕಟ್ಟಿದರೆ ಕೂಡಲೇ ಬನ್ನಿ ಅಂದರು. ದೊಡ್ಡ ಸಿಸ್ಟರ್ ಸೋಮವಾರದ ಮೊದಲ ಕುರ್ಚಿಯನ್ನು ಅಣ್ಣನ ಹೆಸರಿಗೆ ತಾವೇ ಒತ್ತಿ ಹಸಿರು ಮಾಡಿದರು.

ಬಸ್ಸಿನಲ್ಲಿ ಅಣ್ಣ ಕೇಳಿದ, “ನನ್ನ ಕುರ್ಚೀಲಿ ಯಾರೇ ಕೂತಿದ್ದು? ಆ ಕೆಂಪು ಅಂಗಿಯವನಾ?”

“ಇರ್ಬೇಕು.”

“ಪಾಪ, ಸಣ್ಣ ವಯಸ್ಸು. ಹೋಗ್ಲಿ ಬಿಡು.” ಮತ್ತೆ ಅವನೇ, “ಅದೇನೋ ಶಾಸನ ಬರೆಸಿದ್ದೆಯಲ್ಲ. ತೆರವುಗೊಳಿಸತಕ್ಕದ್ದಲ್ಲ ಅಂತ. ಅದೆಲ್ಲಿಗೆ ಹೋಯ್ತು?”

“ಬೋರ್ಡಿನ ಕಾಲ ಕೆಳಗಿದೆ.”

ಅಣ್ಣ ನಗಲು ಹೋಗಿ ಕೆಮ್ಮಿದ.

ಆ ಎರಡು ದಿನ ಆಕೆ ಅಂಗಡಿಯ ಮೇಲಿನ ಕೋಣೆ ಬಿಟ್ಟು ಕದಲಲಿಲ್ಲ. ಮೈಯಲ್ಲಿ ನೀರು ತುಂಬಿಕೊಳ್ಳಬಾರದೆಂದು ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಟ್ಟಳು. ಶನಿವಾರ ಅಣ್ಣ ಮಾತಾಡಿಕೊಂಡಿದ್ದ. ಭಾನುವಾರ ಕಾಲು ಭಾರ ಅಂದ, ನಾಲಿಗೆ ಜುಮುಗುಡುತ್ತದೆ ಅಂದ. ಮಧ್ಯಾಹ್ನ ಮೂರಕ್ಕೆ ಆಕೆ ಆಂಬುಲೆನ್ಸ್ ಕರೆಸಿದಳು. ಅದು ಬೀದಿಗೆ ಬಂದು ನಿಂತ ಸದ್ದಾಯಿತು. ಅಣ್ಣ ಎದ್ದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ. ಇನ್ನೊಂದನ್ನು ಹುಡುಕುವವನ ಹಾಗೆ ಬಗ್ಗಿ ನೋಡಿ, ಮತ್ತೆ ಮಂಚದ ಮೇಲೆ ಕೂತ. ಕೂತವನು ಹಾಗೇ ಗೋಡೆಗೆ ಒರಗಿದ. ಆಂಬುಲೆನ್ಸಿನವರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಆಕೆ ಇನ್ನೊಂದು ಚಪ್ಪಲಿ ಹಿಡಿದು ನಿಂತಿದ್ದಳು.

ಹದಿನೈದು ದಿನದ ಮೇಲೆ ಆಕೆ ಕೆಲಸಕ್ಕೆ ಬಂದಳು. ಆ ಬೆಳಿಗ್ಗೆ ಸೀಟಿ ಸಾರ್ ಸೀಟಿ ಊದಲಿಲ್ಲ, ಕೈಸನ್ನೆಯಲ್ಲೇ ಎಲ್ಲರನ್ನೂ ನಿಲ್ಲಿಸಿದರು. ಒಂದು ನಿಮಿಷ ಮೌನ. ಹೆಡ್‌ಫೋನ್ ಬರಿಗಿವಿಯಲ್ಲಿ ಹತ್ತಿರ ಬಂದ.

“ಅಕ್ಕ, ಮಾಡ್ಬಿಟ್ಟೆ. ಆ ಸೋಮವಾರನೇ ಮಾಡ್ದೆ.” ಅವನು ನೆಲ ನೋಡುತ್ತಿದ್ದ.

“ಎಷ್ಟೊತ್ತಾಯ್ತು?”

“ಇಪ್ಪತ್ತು ನಿಮಿಷ.”

ಚೀಟಿ ಬೋರ್ಡಿನ ಬಲತುದಿಗೆ ಸೇರಿತ್ತು. ಗಂಟೆ ಬಾರಿಸಿದ್ದರೋ ಇಲ್ಲವೋ ಆಕೆ ಕೇಳಲಿಲ್ಲ. ಗೋಡೆಯ ಗೆರೆ ಅದಕ್ಕಾಗಿ ಒಂದು ಕೂದಲೆಳೆಯೂ ಏರಿರಲಿಲ್ಲ. ಆಕೆ ಬಗ್ಗಿ ಬೋರ್ಡಿನ ಕಾಲ ಕೆಳಗಿನಿಂದ ಎರಡನೇ ಸಂಪುಟವನ್ನು ಎಳೆದುಕೊಂಡಳು. ಬೋರ್ಡು ಒಂದು ಬೆರಳು ವಾಲಿತು, ಚೀಟಿಗಳೆಲ್ಲ ಒಂದೇ ಕಡೆಗೆ ತಲೆ ಓರೆ ಮಾಡಿದವು. ಸಂಪುಟವನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಳು.

ಮಧ್ಯಾಹ್ನ ಎಲೆಯಾಟ. ಮೊದಲ ಚೀಟಿ ತೀರ ಸಣ್ಣದು: ರೋಗಿಗಳ ಫೋನಿಗೆ ಹೊಸದಾಗಿ ಬಂದಿದ್ದ ‘ಹೌದು’ ಎನ್ನುವ ಗುಂಡಿಯ ಬಣ್ಣವನ್ನು ನೀಲಿಯಿಂದ ಹಸಿರಿಗೆ ಬದಲಿಸುವುದು. ಏಳು ಎಲೆ ಬಿದ್ದವು, ಎಲ್ಲವೂ ಒಂದು. ಎಂಟನೆಯದು ಆದರೆ ಅಕ್ಕನದು. ನೂರು.

“ಅಕ್ಕ, ಕೈತಪ್ಪಿ ಬಿತ್ತಾ?” ಸೀಟಿ ಸಾರ್ ಮೆಲ್ಲಗೆ ಕೇಳಿದರು.

“ಇಲ್ಲ. ದೊಡ್ಡ ಎಲೆ ಹಾಕ್ದೋರು ಯಾಕೆ ಅಂತ ಹೇಳ್ಬೇಕು. ನಿಮ್ಮದೇ ಕಟ್ಟಳೆ.” ಆಕೆ ಎದ್ದು ನಿಂತಳು. “ಹಸಿರು ಒಳ್ಳೇದೇ. ಆದರೆ ಪಕ್ಕದ ‘ಇಲ್ಲ’ ಕೆಂಪಗಿದೆ, ಕೆಂಪು ಹಸಿರು ಬೇರೆ ಮಾಡಕ್ಕೆ ಬರದೇ ಇರೋ ಕಣ್ಣುಗಳಿವೆ. ನಮ್ಮಣ್ಣನ ಅಂಗಡಿಗೆ ಅಂಥೋರು ದಿನಾ ಬರೋರು. ಅವರು ಹೌದು ಅಂತ ಯಾವುದನ್ನ ಒತ್ತಬೇಕು?”

ಚೀಟಿಯ ಮೇಲೆ ಒಂದು ಸಾಲು ಹೆಚ್ಚಾಯಿತು.

ಎರಡನೆಯ ಚೀಟಿಗೂ ನೂರು. ಮೂರನೆಯದಕ್ಕೂ ನೂರು. ಅಂದಿನಿಂದ ಇಂದಿನವರೆಗೆ ಆಕೆ ಬೇರೆ ಎಲೆ ಎಸೆದಿಲ್ಲ. ಆ ಒಂದು ಎಲೆಯ ಅಂಚು ಸವೆದು ಮೆತ್ತಗಾಗಿದೆ, ಕಟ್ಟಿನ ಉಳಿದ ಎಲೆಗಳು ಹೊಸದರ ಹಾಗೇ ಇವೆ. ಹದಿನೈದು ನಿಮಿಷದ ಆಟ ಈಗ ಒಂದೂವರೆ ಗಂಟೆ ಹಿಡಿಯುತ್ತದೆ, ಓಟಕ್ಕೆ ಮೂವತ್ತಿದ್ದ ಗೆರೆ ಇಪ್ಪತ್ತೆರಡಕ್ಕೆ ಇಳಿದಿದೆ. ಮೇಲಿನವರು ಎರಡು ಸಲ ಕರೆಸಿ ಕೇಳಿದ್ದಾರೆ. ಸೀಟಿ ಸಾರ್ ಕಟ್ಟಳೆಯನ್ನು ಬದಲಿಸಬಹುದಿತ್ತು, ಬದಲಿಸಿಲ್ಲ. ಹೊಸದಾಗಿ ಸೇರಿದವರು ಮೊದಲ ವಾರ ನಗುತ್ತಾರೆ, ಆಮೇಲೆ ಪಕ್ಕದವರು ಅವರ ಕಿವಿಯಲ್ಲಿ ಏನೋ ಹೇಳುತ್ತಾರೆ.

ಎಂಟೂ ಎಲೆ ಒಂದೇ ಬೀಳುವುದು ಆ ಕೋಣೆಯಲ್ಲಿ ಇನ್ನು ಸಾಧ್ಯವಿಲ್ಲ. ಏಳು ಎಲೆ ಒಂದೇ ಬಿದ್ದಾಗ ಎಲ್ಲರೂ ಎಂಟನೆಯ ಕೈಯ ಕಡೆ ತಿರುಗುತ್ತಾರೆ. ಹೆಡ್‌ಫೋನ್ ಕಿವಿಯ ಮುಚ್ಚಳ ಕಳಚಿ ಮೇಜಿನ ಮೇಲಿಡುತ್ತಾನೆ. ಆಕೆ ಕನ್ನಡಕ ಏರಿಸಿ, ಚೀಟಿಯನ್ನು ಕೈಗೆತ್ತಿಕೊಂಡು, ಕಿಟಕಿಯ ಚೌಕಟ್ಟಿನ ಕಡೆ ಒಮ್ಮೆ ನೋಡುತ್ತಾಳೆ.

“ಚೆನ್ನಾಗಿದೆ ಕಣಪ್ಪಾ” ಅನ್ನುತ್ತಾಳೆ. “ಆದರೆ...”